ಒಂದೇ ಬಿಸಿಲು, ಎರಡು ದರ

ನಮ್ಮ ಮನೆಗೂ ರಾಯರ ಮನೆಗೂ ನಡುವೆ ಇರುವುದು ಒಂದು ಮರದ ಬೇಲಿ ಮಾತ್ರ. ಬೆಳಗಿನ ಬಿಸಿಲು ಮೊದಲು ಅವರ ಸೂರಿನ ಮೇಲೆ ಬಿದ್ದು, ಕೆಲವು ನಿಮಿಷಗಳ ಬಳಿಕ ನಮ್ಮದನ್ನು ಮುಟ್ಟುತ್ತದೆ. ಎರಡೂ ಸೂರುಗಳ ಮೇಲೆ ಸೌರಫಲಕಗಳಿವೆ. ಎರಡೂ ಮನೆಗಳಿಂದ ಹೊರಟ ವಿದ್ಯುತ್ತು ಬೀದಿಯ ಒಂದೇ ತಂತಿಯನ್ನು ಸೇರುತ್ತದೆ. ಆದರೂ ನಡುಹಗಲಿನಲ್ಲಿ ನಾನು ಆ ತಂತಿಗೆ ಕೊಡುವ ಒಂದು ಯೂನಿಟ್ಟಿಗೆ ದೊರೆಯುವ ಬೆಲೆಯ ಕಾಲು ಭಾಗದಷ್ಟು ಮಾತ್ರ ರಾಯರಿಗೆ ದೊರೆಯುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ಒಂದು ದಿನಾಂಕ: 2023ರ ಏಪ್ರಿಲ್ 14. ಆ ದಿನಾಂಕವನ್ನು ರಾಯರು ತಪ್ಪಿಸಿಕೊಳ್ಳುವುದಕ್ಕೆ ಕಾರಣ ನಾನು.

ಇದನ್ನು ಬರೆಯಬೇಕೇ ಬೇಡವೇ ಎಂದು ಬಹಳ ದಿನ ಯೋಚಿಸಿದೆ. ಕೂಟದ ಪತ್ರಿಕೆಯಲ್ಲಿ ಪ್ರವಾಸದ ನೆನಪು, ಹಬ್ಬದ ಅಡುಗೆ, ಮಕ್ಕಳ ಕನ್ನಡ ಕಲಿಕೆ ಇವುಗಳ ನಡುವೆ ವಿದ್ಯುತ್ ಬಿಲ್ಲಿನ ಕಥೆಗೆ ಎಲ್ಲಿಯ ಸ್ಥಾನ ಎಂಬ ಸಂಕೋಚವಿತ್ತು. ಆದರೆ ಈ ರಾಜ್ಯದಲ್ಲಿ ನಾವು ಪ್ರತಿ ತಿಂಗಳೂ ತಪ್ಪದೆ ಓದುವ ಕಾಗದವೆಂದರೆ ಆ ಬಿಲ್ಲು ಒಂದೇ. ಅದರಲ್ಲಿರುವ ದರವನ್ನು ಯಾರು, ಯಾವ ಅಧಿಕಾರದಿಂದ ನಿಗದಿಪಡಿಸುತ್ತಾರೆ, ನಿಗದಿಪಡಿಸಿದ ಮೇಲೆ ಅದನ್ನು ಬದಲಿಸಬಹುದೇ ಎಂಬುದನ್ನು ನಾನು ತಿಳಿದುಕೊಂಡದ್ದು ರಾಯರಿಗೆ ನಷ್ಟವಾದ ಮೇಲೆ. ನಿಮಗಾದರೂ ಮೊದಲೇ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

2023ರ ಯುಗಾದಿಯ ಸಂಭ್ರಮದ ದಿನ. ಒಬ್ಬಟ್ಟು ಬಡಿಸುವ ಸಾಲಿನಲ್ಲಿ ನಿಂತಿದ್ದಾಗ ರಾಯರು ಕೇಳಿದರು: “ಸೋಲಾರ್ ದರ ಬದಲಾಗುತ್ತದಂತಲ್ಲಪ್ಪ. ಏಪ್ರಿಲ್ ಹದಿನಾಲ್ಕರೊಳಗೆ ಅರ್ಜಿ ಹಾಕಿದವರಿಗೆ ಹಳೆಯ ದರವಂತೆ. ಹಾಕಿಬಿಡಲೇ?” ರಾಯರು ಇಲ್ಲಿ ಮೂರು ದಶಕ ದುಡಿದು ನಿವೃತ್ತರಾದವರು. ಒಂದು ಖರ್ಚನ್ನು ಎರಡು ಬಾರಿ ಲೆಕ್ಕ ಹಾಕಿ ಮೂರನೆಯ ಬಾರಿ ಮತ್ತೊಬ್ಬರನ್ನು ಕೇಳಿ ಮಾಡುವವರು. ಆ ಮತ್ತೊಬ್ಬ ಸಾಮಾನ್ಯವಾಗಿ ನಾನೇ. ಎಂಜಿನಿಯರ್, ಪಕ್ಕದ ಮನೆಯವನು, 2019ರಲ್ಲೇ ಫಲಕ ಹಾಕಿಸಿಕೊಂಡವನು. ಎಲೆಯ ಮುಂದೆ ಕುಳಿತು ನಾನು ಹೇಳಿದೆ: “ಅವಸರ ಬೇಡಿ ರಾಯರೇ. ಇದೇ ಆಯೋಗ ಹಿಂದೊಮ್ಮೆ ಬರೆದದ್ದನ್ನು ಬದಿಗಿಟ್ಟಿತ್ತು. ಇದನ್ನೂ ಬದಲಿಸುತ್ತಾರೆ, ನೋಡುತ್ತಿರಿ.”

ನನ್ನ ಆ ಧೈರ್ಯಕ್ಕೊಂದು ಹಿನ್ನೆಲೆ ಇತ್ತು. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ವಿದ್ಯುತ್ ಕಂಪನಿಗಳ ದರವನ್ನು ನಿರ್ಧರಿಸುವುದು ಕ್ಯಾಲಿಫೋರ್ನಿಯಾ ಪಬ್ಲಿಕ್ ಯುಟಿಲಿಟೀಸ್ ಕಮಿಷನ್. ಗವರ್ನರ್ ನೇಮಿಸಿ ರಾಜ್ಯದ ಸೆನೆಟ್ ಒಪ್ಪುವ ಐವರು ಸದಸ್ಯರು, ತಲಾ ಆರು ವರ್ಷಗಳ ಅವಧಿ. ಸೂರಿನ ಫಲಕಗಳಿಂದ ಬರುವ ವಿದ್ಯುತ್ತಿಗೆ ಕೊಡಬೇಕಾದ ಬೆಲೆಯ ಬಗ್ಗೆ ಆಯೋಗ 2021ರ ಡಿಸೆಂಬರ್ 13ರಂದು ಒಂದು ಕರಡು ನಿರ್ಣಯವನ್ನು ಹೊರಡಿಸಿತು. ಅದರಂತೆ ಹೊಸದಾಗಿ ಫಲಕ ಹಾಕಿಸುವ ಮನೆಗಳವರು ಪ್ರತಿ ಕಿಲೋವಾಟಿಗೆ ತಿಂಗಳಿಗೆ 8 ಡಾಲರ್ ಶುಲ್ಕ ಕೊಡಬೇಕಿತ್ತು. ಅಂದರೆ 5 ಕಿಲೋವಾಟ್ ಇದ್ದರೆ 40 ಡಾಲರ್. ನನ್ನಂಥ ಹಳೆಯ ಗ್ರಾಹಕರಿಗೆ 20 ವರ್ಷ ಎಂದು ಹೇಳಿದ್ದ ಹಳೆಯ ದರದ ಅವಧಿಯನ್ನು 15 ವರ್ಷಕ್ಕೆ ಇಳಿಸುವ ಪ್ರಸ್ತಾಪವೂ ಅದರಲ್ಲಿತ್ತು.

ಆ 20 ವರ್ಷಗಳನ್ನು ನಂಬಿಯೇ ನಾನು ಸಾಲ ಮಾಡಿದ್ದೆ. ಸಿಟ್ಟು ಬಂದಿತು. 2022ರ ಜನವರಿಯಲ್ಲಿ ಆಯೋಗದ ಸಭೆಗೆ ದೂರವಾಣಿಯ ಮೂಲಕ ಮಾತನಾಡಲು ಕಾದು ಕುಳಿತೆ. ಸರದಿ ಬಂದಾಗ ಸಿಕ್ಕಿದ್ದು ಒಂದು ನಿಮಿಷ. ಬರೆದಿಟ್ಟುಕೊಂಡ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸಿತು. ನನ್ನಂತೆ ಮಾತನಾಡಲು ಕಾದವರು ಅನೇಕರಿದ್ದರು. ಪರವಾಗಿಯೂ ವಿರೋಧವಾಗಿಯೂ ಮಾತು ಕೇಳಿಬಂದಿತು. ಆ ಕರಡು ಮತಕ್ಕೇ ಬರಲಿಲ್ಲ. 2022ರ ನವೆಂಬರ್ 10ರಂದು ಬಂದ ಹೊಸ ಕರಡಿನಲ್ಲಿ ಆ ತಿಂಗಳ ಶುಲ್ಕವಿರಲಿಲ್ಲ. ಹಳಬರ 20 ವರ್ಷಗಳಿಗೂ ಕುತ್ತು ಬಂದಿರಲಿಲ್ಲ. ಅದನ್ನು ಡಿಸೆಂಬರ್ 15ರಂದು ಐವರೂ ಸದಸ್ಯರು ಸರ್ವಾನುಮತದಿಂದ ಅಂಗೀಕರಿಸಿದರು. ಹೊಸ ಗ್ರಾಹಕರಿಗೆ ಸಿಗುವ ಬೆಲೆ ಮಾತ್ರ ಸರಾಸರಿ 30 ಸೆಂಟಿನ ಆಸುಪಾಸಿನಿಂದ 8 ಸೆಂಟಿನ ಆಸುಪಾಸಿಗೆ ಇಳಿಯಿತು.

ಗಂಟೆ ಬಾರಿಸಿದ ಆ ಒಂದು ನಿಮಿಷದಿಂದಲೇ ಲೋಕ ಬದಲಾಯಿತೆಂಬ ಒಣ ಹೆಮ್ಮೆ ನನ್ನಲ್ಲಿ ಮನೆಮಾಡಿತ್ತು. ಕರಡು ಬದಲಾದದ್ದನ್ನು ಕಂಡವನು, ಆದೇಶವೂ ಹಾಗೆಯೇ ಬದಲಾದೀತೆಂದು ನಂಬಿದೆ. ಯುಗಾದಿಯ ಎಲೆಯ ಮುಂದೆ ರಾಯರಿಗೆ ನಾನು ಕೊಟ್ಟ ಸಲಹೆಯ ಮೂಲ ಅದು.

ಏಪ್ರಿಲ್ 14 ಕಳೆಯಿತು. ಏನೂ ಬದಲಾಗಲಿಲ್ಲ. ಆ ದಿನದೊಳಗೆ ಪೂರ್ಣ ಅರ್ಜಿ ಸಲ್ಲಿಸಿದ್ದರೆ ಸಾಕಿತ್ತು, ಫಲಕಗಳನ್ನು ಕೂಡಿಸಲು ಮುಂದೆ ಮೂರು ವರ್ಷ ಕಾಲಾವಕಾಶವಿತ್ತು ಎಂಬುದು ನನಗೆ ತಿಳಿದದ್ದು ಮೇ ತಿಂಗಳಲ್ಲಿ. ಮುಂದಿನ ವರ್ಷ ರಾಯರು ಫಲಕಗಳನ್ನು ಹಾಕಿಸಿದರು. ಹೊಸ ದರದಲ್ಲಿ ಹಗಲಿನ ವಿದ್ಯುತ್ತನ್ನು ಮಾರುವುದಕ್ಕಿಂತ ಸಂಜೆಗೆ ಕೂಡಿಟ್ಟುಕೊಳ್ಳುವುದೇ ಲಾಭವಾದುದರಿಂದ ಗರಾಜಿನ ಗೋಡೆಗೆ ಬ್ಯಾಟರಿಯನ್ನೂ ಕೂಡಿಸಿದರು. ಅದರ ಬೆಲೆ ಅವರು ಮಡದಿಯೊಡನೆ ಕಾಶಿಯಾತ್ರೆಗೆಂದು ಎತ್ತಿಟ್ಟಿದ್ದ ಹಣಕ್ಕಿಂತ ಹೆಚ್ಚಿತ್ತು. ನನಗೆ ಒಂದು ಕಟುಮಾತನ್ನೂ ಆಡಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಮೈಸೂರಿನಲ್ಲಿರುವ ನಮ್ಮ ತಂದೆ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿಯಲ್ಲಿ ದುಡಿದು ನಿವೃತ್ತರಾದವರು. ಭಾನುವಾರದ ಕರೆಯಲ್ಲಿ ಈ ಸಂಗತಿಯನ್ನು ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ನೀನು ಬದಲಾಗುತ್ತದೆ ಅಂದೆಯಲ್ಲ, ಯಾವ ಕಲಮಿನ ಪ್ರಕಾರ ಬದಲಾಗುತ್ತದೆ ಅಂತ ನೋಡಿದ್ದೆಯಾ?” ನೋಡಿರಲಿಲ್ಲ. ಆ ರಾತ್ರಿ ಓದಲು ಕುಳಿತೆ.

ಮೊದಲ ಪ್ರಶ್ನೆ, ಇಂಥ ಆಯೋಗ ಏಕೆ ಬೇಕು ಎಂಬುದು. ಒಂದೇ ಬಾವಿಯಿರುವ ಊರಿನಲ್ಲಿ ಬಾವಿಯ ಒಡೆಯ ಹೇಳಿದ್ದೇ ನೀರಿನ ಬೆಲೆ. ಪ್ರತಿ ಬೀದಿಗೂ ನಾಲ್ಕು ಕಂಪನಿಗಳು ನಾಲ್ಕು ಸಾಲು ಕಂಬ ನೆಡುವುದು ದುಂದು. ಆದುದರಿಂದ ಒಂದೇ ಕಂಪನಿಗೆ ತಂತಿಯ ಹಕ್ಕು ಕೊಟ್ಟು, ಅದು ಕೇಳುವ ಬೆಲೆಯನ್ನು ಸಾರ್ವಜನಿಕರ ಪರವಾಗಿ ಪರಿಶೀಲಿಸುವ ಸಂಸ್ಥೆಯೊಂದನ್ನು ನಿಲ್ಲಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಇದರ ಆರಂಭ ರೈಲಿನಿಂದ. ಸದರ್ನ್ ಪೆಸಿಫಿಕ್ ರೈಲು ಕಂಪನಿಯ ಹಿಡಿತ ರಾಜ್ಯದ ರಾಜಕೀಯದವರೆಗೂ ಚಾಚಿದ್ದ ಕಾಲದಲ್ಲಿ, ಅದನ್ನು ಸಡಿಲಿಸುವ ಮಾತು ಕೊಟ್ಟು ಗವರ್ನರ್ ಆದ ಹೈರಮ್ ಜಾನ್ಸನ್ ಅವರ ಅವಧಿಯಲ್ಲಿ, 1911ರಲ್ಲಿ, ಸಂವಿಧಾನ ತಿದ್ದುಪಡಿಯ ಮೂಲಕ ರೈಲ್ವೆ ಆಯೋಗಕ್ಕೆ ಬಲ ಬಂದಿತು. ವಿದ್ಯುತ್ತು, ಅನಿಲ, ನೀರು, ದೂರವಾಣಿಗಳೂ ಅದರ ವ್ಯಾಪ್ತಿಗೆ ಸೇರಿದವು. 1946ರಲ್ಲಿ ಅದು ಈಗಿನ ಹೆಸರನ್ನು ಪಡೆಯಿತು.

ಆದುದರಿಂದ ಈ ಆಯೋಗದ ಅಧಿಕಾರದ ಬೇರು ರಾಜ್ಯದ ಸಂವಿಧಾನದ 12ನೆಯ ಅಧ್ಯಾಯದಲ್ಲೇ ಇದೆ. ದರ ನಿಗದಿಪಡಿಸುವ, ಲೆಕ್ಕಪತ್ರ ತರಿಸಿ ನೋಡುವ, ಸಾಕ್ಷಿಗಳನ್ನು ಕರೆಸುವ ಅಧಿಕಾರವನ್ನು ಅದು ಅಲ್ಲಿಂದಲೇ ಪಡೆದಿದೆ. ಸಾರ್ವಜನಿಕ ಸೇವೆಗಳ ಸಂಹಿತೆಯ 451ನೆಯ ಕಲಮು ಪ್ರತಿ ದರವೂ ನ್ಯಾಯವಾಗಿಯೂ ಸಮಂಜಸವಾಗಿಯೂ ಇರಬೇಕು ಎನ್ನುತ್ತದೆ. 728ನೆಯ ಕಲಮು, ದರ ಸಮಂಜಸವಲ್ಲವೆಂದು ಕಂಡರೆ ಇನ್ನು ಮುಂದೆ ನಡೆಯಬೇಕಾದ ದರವನ್ನು ಆಯೋಗ ಗೊತ್ತುಪಡಿಸಬೇಕು ಎನ್ನುತ್ತದೆ. ‘ಇನ್ನು ಮುಂದೆ’ ಎಂಬ ಮಾತಿಗೆ ತೂಕ ಬಹಳ. ಅಂತಿಮ ಆದೇಶದಿಂದ ನಿಗದಿಯಾದ ಸಾಮಾನ್ಯ ದರಗಳನ್ನು ಹಿಂದಿನ ದಿನಾಂಕದಿಂದ ಇಳಿಸಿ ಹಣ ಮರಳಿಸುವ ಅಧಿಕಾರ ಆಯೋಗಕ್ಕಿಲ್ಲವೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1965ರಲ್ಲೇ ಒಂದು ದೂರವಾಣಿ ಕಂಪನಿಯ ಪ್ರಕರಣದಲ್ಲಿ ಹೇಳಿತು. ಆಯೋಗದ ಕೈ ನಾಳೆಗೆ ಚಾಚುತ್ತದೆ, ನಿನ್ನೆಗೆ ಸುಲಭವಾಗಿ ಚಾಚದು.

ಇನ್ನು ತಂದೆಯವರು ಕೇಳಿದ ಕಲಮು. ಅದು 1708. ಆಯೋಗ ತಾನು ಹೊರಡಿಸಿದ ಯಾವ ಆದೇಶವನ್ನಾದರೂ ಯಾವಾಗ ಬೇಕಾದರೂ ರದ್ದುಪಡಿಸಬಹುದು, ಬದಲಿಸಬಹುದು, ತಿದ್ದಬಹುದು. ಆದರೆ ಸಂಬಂಧಪಟ್ಟವರಿಗೆ ತಿಳಿವಳಿಕೆ ಕೊಟ್ಟು, ಅವರ ಮಾತನ್ನು ಕೇಳಿದ ನಂತರವೇ. ಅದರ ಮರುಸಾಲಿನಲ್ಲೇ 1709 ಇದೆ. ಅಂತಿಮವಾದ ಆದೇಶವನ್ನು ಬೇರೆ ಯಾವುದೇ ವ್ಯಾಜ್ಯದಲ್ಲಿ ಮತ್ತೆ ಪ್ರಶ್ನಿಸುವಂತಿಲ್ಲ. ಒಂದು ಕಲಮು ಬಾಗಿಲನ್ನು ತೆರೆದಿಟ್ಟಂತೆ, ಇನ್ನೊಂದು ಮುಚ್ಚಿದಂತೆ ಮೊದಲು ತೋರಿತು. ಮತ್ತೆ ಮತ್ತೆ ಓದಿದ ಮೇಲೆ ಅರ್ಥವಾಯಿತು. ಬಾಗಿಲು ಇದೆ, ಅದನ್ನು ತಟ್ಟುವ ಕ್ರಮವಿದೆ. ಆದೇಶ ಹೊರಬಿದ್ದ 30 ದಿನಗಳೊಳಗೆ ಮರುವಿಚಾರಣೆಗೆ ಅರ್ಜಿ ಹಾಕಬೇಕು. ಹಾಕದವರು ಮೇಲಿನ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಆದೇಶವನ್ನು ಮಾರ್ಪಡಿಸಲು ಕೋರುವವರು ಸಾಮಾನ್ಯವಾಗಿ ಒಂದು ವರ್ಷದೊಳಗೆ ಕೋರಬೇಕು, ತಡವಾದರೆ ಕಾರಣ ಹೇಳಬೇಕು. ಕರಡಿನ ಹಂತದಲ್ಲಿ ಯಾರು ಬೇಕಾದರೂ ಕರೆ ಮಾಡಿ ಒಂದು ನಿಮಿಷ ಮಾತನಾಡಬಹುದು. ಆದೇಶವಾದ ಮೇಲೆ ದಾರಿ ಕಿರಿದಾಗುತ್ತದೆ, ವಕೀಲರು ಬೇಕಾಗುತ್ತಾರೆ. ನಾನು ರಾಯರಿಗೆ ಸಲಹೆ ಕೊಟ್ಟಾಗ ಆ 30 ದಿನಗಳು ಕಳೆದು ಹೋಗಿದ್ದವು.

ಮುಂದಿನ ಭಾನುವಾರ ಇದನ್ನೆಲ್ಲ ತಂದೆಗೆ ಒಪ್ಪಿಸಿದೆ. ಅವರು ನಕ್ಕು, “ನಮ್ಮಲ್ಲೂ ಇದೆ, 94 ನೋಡು” ಎಂದರು. 1999ರಲ್ಲಿ ಮಂಡಳಿ ನಿಗಮವಾಗಿ, ಅದೇ ವರ್ಷ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಕೆಲಸ ಆರಂಭಿಸಿದುದನ್ನು ಅವರು ಹತ್ತಿರದಿಂದ ಕಂಡವರು. ಭಾರತದ 2003ರ ವಿದ್ಯುಚ್ಛಕ್ತಿ ಕಾಯ್ದೆಯ 94ನೆಯ ಕಲಮು ಆಯೋಗಗಳಿಗೆ ತಮ್ಮ ಆದೇಶಗಳನ್ನು ಪುನರ್‌ಪರಿಶೀಲಿಸಲು ಸಿವಿಲ್ ನ್ಯಾಯಾಲಯಕ್ಕಿರುವಂಥ ಅಧಿಕಾರವನ್ನೇ ಕೊಡುತ್ತದೆ. ಹೊಸ ಸಾಕ್ಷ್ಯ ಸಿಕ್ಕಿದಾಗ, ಕಣ್ಣಿಗೆ ಕಾಣುವ ತಪ್ಪು ನುಸುಳಿದಾಗ ಎಂಬಂಥ ಇಕ್ಕಟ್ಟಾದ ಕಾರಣಗಳಿಗಾಗಿ. 62ನೆಯ ಕಲಮಿನಂತೆ, ಇಂಧನ ವೆಚ್ಚದ ಸರಿಹೊಂದಿಕೆಯನ್ನು ಬಿಟ್ಟರೆ, ಸಾಮಾನ್ಯವಾಗಿ ಒಂದು ಆರ್ಥಿಕ ವರ್ಷದಲ್ಲಿ ದರವನ್ನು ಒಂದಕ್ಕಿಂತ ಹೆಚ್ಚು ಬಾರಿ ಬದಲಿಸುವಂತಿಲ್ಲ. 64ರ ಪ್ರಕಾರ ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿಯೇ ದರದ ಆದೇಶ ಹೊರಡಿಸಬೇಕು.

ಸೂರಿನ ಫಲಕಗಳ ಕಥೆಯೂ ಅಲ್ಲಿ ಬೇರೆಯಲ್ಲ. ಕರ್ನಾಟಕದ ಆಯೋಗ 2013ರ ಅಕ್ಟೋಬರಿನಲ್ಲಿ ಸಹಾಯಧನವಿಲ್ಲದ ಸೂರಿನ ಸೌರವಿದ್ಯುತ್ತಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ನಿಗದಿಪಡಿಸಿತ್ತು. ಫಲಕಗಳ ಬೆಲೆ ಇಳಿದಂತೆ 2016ರ ಮೇ ತಿಂಗಳಲ್ಲಿ ಹೊಸದಾಗಿ ಹಾಕಿಸುವ 10 ಕಿಲೋವಾಟ್‌ವರೆಗಿನ ಮನೆಗಳಿಗೆ ಅದು 7 ರೂಪಾಯಿ 8 ಪೈಸೆಯಾಯಿತು. “ಬೆಲೆ ಇಳಿದಾಗ ದರ ಇಳಿಸದೆ ಇದ್ದರೆ, ಫಲಕ ಇಲ್ಲದವನ ಬಿಲ್ಲಿನಿಂದ ಆ ಹಣ ಹೋಗುತ್ತದೆ ಮಗು. ಬದಲಿಸುವ ಅಧಿಕಾರ ಇರಲೇಬೇಕು. ಯಾರಿಗೆ ಯಾವಾಗಿನಿಂದ ಅನ್ನೋದರಲ್ಲಿ ನ್ಯಾಯ ಇರಬೇಕು, ಅಷ್ಟೇ,” ಎಂದರು ತಂದೆ.

ಆ ಮಾತು ನನಗೆ ಅಷ್ಟು ಸುಲಭವಾಗಿ ಇಳಿಯಲಿಲ್ಲ. ಅದನ್ನು ಇಳಿಸಿದ್ದು ನಮ್ಮ ಕೂಟದಲ್ಲಿ ನಾಟಕಕ್ಕೆ ಬೆಳಕು ಹಿಡಿಯುವ ಒಬ್ಬ ವಿದ್ಯಾರ್ಥಿ. ಮೂವರೊಡನೆ ಬಾಡಿಗೆ ಮನೆಯಲ್ಲಿರುವ ಹುಡುಗ. ನಾನು ಆಯೋಗವನ್ನು ಬಯ್ಯುತ್ತಿದ್ದಾಗ ತಾಲೀಮಿನ ನಡುವೆ ಮೆಲ್ಲನೆ ಕೇಳಿದ: “ಅಂಕಲ್, ನೀವು ಕಂಬ, ತಂತಿ ಎಲ್ಲ ಬಳಸಿಕೊಂಡು ಬಿಲ್ಲು ಸೊನ್ನೆ ಮಾಡಿಕೊಂಡರೆ, ಆ ಕಂಬದ ಖರ್ಚು ಯಾರು ಕೊಡುತ್ತಾರೆ? ನಮಗೆ ಸೂರೇ ಇಲ್ಲವಲ್ಲ.” ಆಯೋಗ ತನ್ನ ಆದೇಶಕ್ಕೆ ಕೊಟ್ಟ ಮುಖ್ಯ ಕಾರಣವೂ ಇದೇ. ನಾವು ಮಾರುವ ಯೂನಿಟ್ಟಿಗೆ ಚಿಲ್ಲರೆ ದರ ಸಿಕ್ಕಾಗ ಅದರೊಳಗೆ ತಂತಿಯ ವೆಚ್ಚ, ಕಾಳ್ಗಿಚ್ಚು ತಡೆಯುವ ವೆಚ್ಚ ಎಲ್ಲವೂ ಅಡಗಿರುತ್ತವೆ. ಅವುಗಳ ಹೊರೆ ಉಳಿದವರ ಹೆಗಲಿಗೆ ಹೋಗುತ್ತದೆ ಎಂಬ ವಾದ. ಸೂರಿನ ವಿದ್ಯುತ್ತಿನಿಂದ ದೂರದ ತಂತಿಗಳ ಅಗತ್ಯ ಕಡಿಮೆಯಾಗುತ್ತದೆ, ಗಾಳಿ ಶುದ್ಧವಾಗುತ್ತದೆ, ಆ ಲಾಭಗಳನ್ನು ಸರಿಯಾಗಿ ಎಣಿಸಿಲ್ಲ ಎಂಬುದು ವಿರೋಧಿಗಳ ವಾದ. ಶಾಸನಸಭೆಯ 2013ರ ಕಾಯ್ದೆ ಎರಡನ್ನೂ ಕೇಳುತ್ತದೆ. ಎಲ್ಲ ಗ್ರಾಹಕರಿಗೂ ಒಟ್ಟು ಲಾಭ ಒಟ್ಟು ವೆಚ್ಚಕ್ಕೆ ಸರಿಸುಮಾರು ಸಮನಾಗಬೇಕು, ಸೂರಿನ ಸೌರವಿದ್ಯುತ್ತು ಬೆಳೆಯುತ್ತಲೂ ಇರಬೇಕು. ಈ ಎರಡು ತಟ್ಟೆಗಳ ತಕ್ಕಡಿಯನ್ನು ಆಯೋಗ ಸರಿಯಾಗಿ ಹಿಡಿಯಿತೇ ಎಂಬುದೇ ಪ್ರಶ್ನೆ.

ಆ ಪ್ರಶ್ನೆಯನ್ನು ಕ್ರಮವಾಗಿ ಕೇಳಿದವರಿದ್ದರು. ಮೂರು ಪರಿಸರ ಸಂಘಟನೆಗಳು ಮರುವಿಚಾರಣೆಗೆ ಅರ್ಜಿ ಹಾಕಿ, ನಂತರ ನ್ಯಾಯಾಲಯದ ಮೆಟ್ಟಿಲೇರಿದವು. 2023ರ ಡಿಸೆಂಬರ್ 20ರಂದು ಮೇಲ್ಮನವಿ ನ್ಯಾಯಾಲಯ ಆಯೋಗದ ಆದೇಶವನ್ನು ಎತ್ತಿಹಿಡಿಯಿತು. ತನ್ನ ಕಾಯ್ದೆಯನ್ನು ಆಯೋಗ ಹೇಗೆ ಅರ್ಥೈಸುತ್ತದೆಯೋ ಅದಕ್ಕೆ ಬಹಳ ಗೌರವ ಕೊಡಬೇಕೆಂಬ 1968ರ ಹಳೆಯ ತೀರ್ಪೊಂದರ ಅಳತೆಗೋಲನ್ನು ಅದು ಬಳಸಿತು. 2025ರ ಆಗಸ್ಟ್ 7ರಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ ಸರ್ವಾನುಮತದಿಂದ ಆ ಅಳತೆಗೋಲು ಇಲ್ಲಿ ಸಲ್ಲದು ಎಂದಿತು. ಶಾಸನಸಭೆ 1998ರಲ್ಲೇ ಕಾನೂನನ್ನು ಬದಲಿಸಿದೆ. ಕಾಯ್ದೆಯ ಅರ್ಥವನ್ನು ಆಯೋಗ ಸರಿಯಾಗಿ ಗ್ರಹಿಸಿದೆಯೇ ಎಂಬುದನ್ನು ನ್ಯಾಯಾಲಯ ತಾನೇ ನೋಡಬೇಕು ಎಂದು ಹೇಳಿ, ಪ್ರಕರಣವನ್ನು ಕೆಳಗಿನ ನ್ಯಾಯಾಲಯಕ್ಕೆ ಮರಳಿಸಿತು.

ಸುದ್ದಿ ಬಂದ ಸಂಜೆ ರಾಯರು ಬೇಲಿಯ ಆಚೆಯಿಂದ ಕರೆದರು. ಮುಖದಲ್ಲಿ ಸಣ್ಣ ನಗೆ. “ಏನಪ್ಪ, ನೀನು ಹೇಳಿದ್ದೇ ಆಯಿತಲ್ಲ. ಬದಲಾಗುತ್ತದೆ ಅಂದಿದ್ದೆ.” ಒಂದು ಕ್ಷಣ ಹೌದೆನ್ನಬೇಕೆನಿಸಿತು. ಈ ಬಾರಿ ಬಾಯಿ ಬಿಗಿಹಿಡಿದೆ. “ಇಲ್ಲ ರಾಯರೇ, ದರ ಬದಲಾಗಿಲ್ಲ. ಆದೇಶವನ್ನು ಎಷ್ಟು ಹತ್ತಿರದಿಂದ ನೋಡಬೇಕು ಅನ್ನುವುದಷ್ಟೇ ಬದಲಾಗಿದೆ. ನಿಮ್ಮ ಬಿಲ್ಲು ಹಾಗೆಯೇ ಇರುತ್ತದೆ. ಮುಂದೆ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವತ್ತೂ ಹೀಗೇ ಹೇಳಿದ್ದರೆ ಕಾಶಿ ನೋಡಿ ಬರುತ್ತಿದ್ದೆ,” ಎಂದರು. ಮೂರು ಯುಗಾದಿ ಕಳೆಯುವುದರೊಳಗೆ ಅವರು ಆ ಮಾತನ್ನು ಆಡಿದ್ದು ಅದೊಂದೇ ಬಾರಿ. ನನಗೆ ಹೇಳಲು ಏನೂ ತೋಚಲಿಲ್ಲ. ತಪ್ಪಾಯಿತು ಎಂದೆ. ಅವರು ಬೇಲಿಯ ಮೇಲಿನಿಂದ ಕೈ ಚಾಚಿ ನನ್ನ ಭುಜ ತಟ್ಟಿದರು.

ಆ ದಿನ ಒಳಗೆ ಕರೆದುಕೊಂಡು ಹೋಗಿ ಅವರು ಒಂದು ಡ್ರಾಯರನ್ನು ತೆರೆದು ತೋರಿಸಿದರು. ವಿದ್ಯುತ್ ಬಿಲ್ಲಿನ ಲಕೋಟೆಗಳಲ್ಲಿ ವರ್ಷಗಳಿಂದ ಬಂದ ತೆಳುವಾದ ಕಾಗದಗಳು ಅಲ್ಲಿ ಕಟ್ಟು ಕಟ್ಟಾಗಿ ಇದ್ದವು. ದರ ಹೆಚ್ಚಿಸಲು ಅರ್ಜಿ ಹಾಕಿದಾಗ ಗ್ರಾಹಕರಿಗೆ ಕೊಡಲೇಬೇಕಾದ ತಿಳಿವಳಿಕೆ ಪತ್ರಗಳು. ಎಷ್ಟು ಹೆಚ್ಚಳ, ಏಕೆ, ಅರ್ಜಿಯ ಸಂಖ್ಯೆ ಯಾವುದು, ಅಭಿಪ್ರಾಯ ಎಲ್ಲಿಗೆ ಬರೆಯಬೇಕು, ಸಾರ್ವಜನಿಕ ವಿಚಾರಣೆ ಇದ್ದರೆ ಯಾವಾಗ ಎಂಬುದೆಲ್ಲ ಅದರಲ್ಲಿರುತ್ತದೆ. 1708ನೆಯ ಕಲಮು ಹೇಳುವ ‘ತಿಳಿವಳಿಕೆ’ಯೂ ನಮ್ಮಂಥವರ ಮನೆಗೆ ಇಂಥದೇ ಬಡ ವೇಷದಲ್ಲಿ ಬರುತ್ತದೆ. ನಮ್ಮ ಮನೆಗೆ ಬಂದದ್ದನ್ನು ನಾನು ಬಿಲ್ಲನ್ನು ಹೊರತೆಗೆದ ಕೂಡಲೇ ಕಸದ ಬುಟ್ಟಿಗೆ ಹಾಕುತ್ತಿದ್ದೆ. ರಾಯರು ಎಸೆಯದೆ ಕೂಡಿಟ್ಟಿದ್ದರು. ಆದರೆ ಆ ಕಾನೂನಿನ ಇಂಗ್ಲಿಷ್ ತಮಗೆ ಪೂರ್ತಿ ಅರ್ಥವಾಗದೆಂದು ನನ್ನನ್ನು ಕೇಳಿದ್ದರು.

ಆದುದರಿಂದ ಮಿತ್ರರೇ, ಒಂದು ಸಣ್ಣ ಏರ್ಪಾಡು ಮಾಡಿಕೊಂಡಿದ್ದೇವೆ. ಪ್ರತಿ ತಿಂಗಳ ಎರಡನೆಯ ಶನಿವಾರ, ಮಕ್ಕಳ ಕನ್ನಡ ಶಾಲೆ ನಡೆಯುವ ಹೊತ್ತಿನಲ್ಲಿ, ಹಿಂದಿನ ಕೋಣೆಯಲ್ಲಿ ನಾನು, ರಾಯರು ಮತ್ತು ಆ ವಿದ್ಯಾರ್ಥಿ ಕುಳಿತಿರುತ್ತೇವೆ. ನಿಮ್ಮ ಲಕೋಟೆಯಲ್ಲಿ ಬಂದ ಕಾಗದವನ್ನು ತನ್ನಿ, ಕನ್ನಡದಲ್ಲಿ ಓದಿ ಹೇಳುತ್ತೇವೆ. ಅಭಿಪ್ರಾಯ ತಿಳಿಸಬೇಕೆನ್ನುವವರಿಗೆ ಆಯೋಗದಲ್ಲಿ ಪಬ್ಲಿಕ್ ಅಡ್ವೈಸರ್ ಎಂಬ ಕಚೇರಿಯೇ ಇದೆ. ಅದರ ಮೂಲಕ ಬರೆದು ಕಳಿಸಬಹುದು, ವಿಚಾರಣೆಯಲ್ಲಿ ಮಾತನಾಡಬಹುದು. ಮುಂಚಿತವಾಗಿ ಕೇಳಿಕೊಂಡರೆ ದುಭಾಷಿಯ ನೆರವೂ ಇದೆ. ಕನ್ನಡಕ್ಕೆ ಒಮ್ಮೆ ಕೇಳಿಯೇಬಿಡೋಣ ಎಂಬುದು ರಾಯರ ಹಟ. ದರ ಏರಬೇಕೋ ಇಳಿಯಬೇಕೋ ಎಂಬ ವಿಷಯದಲ್ಲಿ ನಮ್ಮ ಮೂವರಲ್ಲಿ ಒಮ್ಮತವಿಲ್ಲ. ಹುಡುಗ ಮತ್ತು ನಾನು ಬರೆದ ಪತ್ರಗಳು ಒಂದಕ್ಕೊಂದು ವಿರುದ್ಧವಾಗಿವೆ. ಎರಡನ್ನೂ ಒಂದೇ ದಿನ ಕಳಿಸಿದೆವು, ಗಡುವಿಗೆ ಹತ್ತು ದಿನ ಮೊದಲು.

ಗಡುವು ಯಾವಾಗ ಎಂದು ಯಾರಾದರೂ ಕೇಳಿದರೆ ನಾನೀಗ ಕಾಗದ ನೋಡಿ ಹೇಳುತ್ತೇನೆ.